ನೀರಿನ ದಾರಿ ಹುಡುಕಿದ ನಿಂಬೆವ್ವ

ಇದು ಈಗಿನ ಮಾತಲ್ಲ ತಂಗಿ. ನಮ್ಮಜ್ಜಿಯ ಅಜ್ಜಿ ಇನ್ನೂ ತೊಟ್ಟಿಲದಾಗ ಕಾಲು ಬಡೀತಿದ್ದಾಗಿನ ಮಾತು. ಆಗ ಒಂದು ಊರಿತ್ತು. ಪರಸಿಗಲ್ಲು ಅಂತ ಹೆಸರು. ಆ ಊರಾಗ ನೆಲ ಅಗದ್ರ ಗೇಣು ಮಣ್ಣು, ಅದರ ಕೆಳಗ ಬರೀ ಕಲ್ಲು. ಎಂಥಾ ಕಲ್ಲು? ರೊಟ್ಟಿ ಒಂದರ ಮ್ಯಾಲ ಒಂದು ಒಟ್ಟಿದಂಗ ಪದರ ಪದರ. ಮನಿ ಗ್ವಾಡಿ ಅದೇ ಕಲ್ಲು, ಅಂಗಳಕ್ಕ ಹಾಸಿದ್ದೂ ಅದೇ ಕಲ್ಲು, ಸತ್ತ ಮ್ಯಾಲ ಎದಿ ಮ್ಯಾಲ ಇಡೋದೂ ಅದೇ ಕಲ್ಲು. ಆ ಕಲ್ಲಿನ ಒಳಗ ಟೊಳ್ಳು ಐತಿ ಅಂತಾರ. ಮಟಮಟ ಮಧ್ಯಾಹ್ನದಾಗ ನೆಲಕ್ಕ ಕಿವಿ ಹಚ್ಚಿದ್ರ, ಕೆಳಗ ಯಾರೋ ಕೊಡ ಬಗ್ಗಿಸಿದಂಗ ಗುಳುಗುಳು ಕೇಳತಿತ್ತಂತ.

ಊರ ಮ್ಯಾಲಿಂದ ಒಂದು ಹಳ್ಳ ಬರ್ತಿತ್ತು. ಬರ್ತಿತ್ತು ಅಂದ್ರ ಊರ ತನಕ ಬರ್ತಿರಲಿಲ್ಲ. ಗುಡ್ಡದ ಬುಡಕ್ಕ ಒಂದು ದೊಡ್ಡ ಬಿರುಕು. ಹಳ್ಳ ಅಲ್ಲಿಗೆ ಬಂದದ್ದೇ ಗಟಗಟ ಕೆಳಗಿಳಿದು ಹೋಗಿಬಿಡತಿತ್ತು. ಅತ್ಲಾಗ ನೋಡಿದ್ರ ಒಣ ಉಸುಕು. ಅದಕ್ಕ ಪಾತಾಳದ ಬಾಯಿ ಅಂತಿದ್ರು. ಊರ ಕೆಳಗ ಹಿರೇಬಾವಿ ಇತ್ತು. ಪಾವಟಿಗಿ ಇಳಕೊಂತ ಹೋದ್ರ, ಕಲ್ಲಿನ ಸಂದ್ಯಾಗಿಂದ ನೀರು ತಾನೇ ಬಂದು ಬೀಳತಿತ್ತು. ಎಂಥಾ ಬ್ಯಾಸಿಗ್ಯಾಗೂ ಬತ್ತಿದ್ದು ಯಾರೂ ನೋಡಿಲ್ಲ ಅಂತಾರ. ಮ್ಯಾಲ ಹೋದ ನೀರು ಎಲ್ಲಿ ಹೋತು, ಕೆಳಗ ಬಂದ ನೀರು ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ಅದು ಪಾತಾಳಕ್ಕ ಹೋತು, ಇದು ಗಂಗವ್ವ ಕೊಟ್ಟಿದ್ದು. ಮುಗೀತು.

ಆ ಊರಾಗ ಒಂದು ಪದ್ಧತಿ. ಯಾರಿಗರೆ ವಾಂತಿಭೇದಿ ಆತು ಅನ್ನು, ಜೀವ ಉಳೀಲಿ ಹೋಗಲಿ, ಅವರು ಮಲಗಿದ ಕೌದಿ, ಮೈಮ್ಯಾಲಿನ ಅರಿವಿ, ಕೆಳಗ ಹಾಸಿದ ಗೋಣಿ ಎಲ್ಲಾ ಕೂಡಿಸಿ ಗಂಟು ಕಟ್ಟತಿದ್ರು. ಗಂಟಿಗೆ ಬೇವಿನ ತೊಪ್ಪಲಾ ಸಿಗಿಸಿ, ಅರಿಸಿನ ಹಚ್ಚಿ, ಮೊಸರನ್ನದ ಎಡಿ ಮಾಡಿ, ಪಾತಾಳದ ಬಾಯಾಗ ಒಗದು ಬರ್ತಿದ್ರು. ಬ್ಯಾನಿ ಕಳಸೋದು ಅಂತಿದ್ರು ಅದಕ್ಕ. ಒಗದ ಮ್ಯಾಲ ಹಿಂದಕ ತಿರುಗಿ ನೋಡಬಾರದು. ತಿರುಗಿ ನೋಡಿದ್ರ ಬ್ಯಾನಿ ಬೆನ್ನಹತ್ತಿ ಬರ್ತೈತಿ ಅಂತ. ಕೂಸಿಂದಾದ್ರ ಹೆತ್ತಾಕಿನೇ ಒಗೀಬೇಕು, ಕಣ್ಣೀರು ಒರಸಿಕೊಂಡು ಕುತ್ತಿಗಿ ಬಿಗಿಹಿಡದು ಮನಿಗೆ ಬರಬೇಕು. ಎಲ್ಲಾರೂ ಮಾಡಿದ್ರು. ಯಾರೂ ತಿರುಗಿ ನೋಡಲಿಲ್ಲ.

ಆ ಊರಾಗ ನಿಂಬೆವ್ವ ಅಂತ ಒಬ್ಬಾಕಿ ಇದ್ಲು. ನೇಕಾರರ ನೂಲಿಗೆ ಬಣ್ಣ ಹಾಕೋ ಮನಿತನ. ಗಂಡ ಸತ್ತ ಮ್ಯಾಲ ಬಣ್ಣದ ಹರವಿ, ತಿರುವೋ ಕೋಲು, ಎರಡು ಸಣ್ಣ ಮಕ್ಕಳು ಎಲ್ಲಾ ಆಕಿ ಪಾಲಿಗೆ ಬಂದ್ವು. ಆಕಿ ಕೈ ಮೊಣಕೈ ತನಕ ನೀಲಿ. ಎಷ್ಟು ತಿಕ್ಕಿದ್ರೂ ಹೋಗಲಾರದ ನೀಲಿ. ಬಾಜೂ ಮನಿ ಯಮನವ್ವ, ಆಕಿ ನಾಲಿಗಿ ಅಂದ್ರ ಕುಡಗೋಲು, "ಗಂಡ ಸತ್ರೂ ಬಳಿ ಹೋಗಲಿಲ್ಲ ನೋಡ ನಿಂಬಿಗೆ" ಅಂತ ಬಾವಿ ಪಾವಟಿಗಿ ಮ್ಯಾಲ ಎಲ್ಲಾರ ಮುಂದ ಅಂದಿದ್ಲಂತ. ನಿಂಬೆವ್ವ ಏನು ಕಮ್ಮಿ? "ನಿನ್ನ ಬಾಯಿಗೂ ಒಂದು ಅದ್ದು ಅದ್ದಿ ಕೊಡ್ಲೇನ ಯಕ್ಕಾ, ಅದೂ ಜಲ್ದಿ ಮಾಸಂಗಿಲ್ಲ" ಅಂದಳಂತ. ಹಿಂಗ ಕಚ್ಚಾಡೋರು, ಸಂಜಿಗೆ ಒಂದೇ ಕಟ್ಟಿಗೆ ಕುಂತು ಕಾಳು ಹಸನ ಮಾಡೋರು. ಓಣಿ ಅಂದ್ರ ಇಷ್ಟೇ ಅಲ್ಲೇನು.

ನಿಂಬೆವ್ವಗ ನೀರಿನ ಮರ್ಮ ಗೊತ್ತಿತ್ತು ಅಂತಾರ. ಬಣ್ಣದವರಿಗೆ ಅದು ಬೇಕಾಗತೈತಿ. ಈ ನೀರಾಗ ಸುಣ್ಣ ಐತಿ, ಕೆಂಪು ಮಬ್ಬಾಗತೈತಿ. ಆ ನೀರು ಸೌಳು, ನೂಲು ಬಿರುಸಾಗತೈತಿ. ಒಂದು ಗುಟುಕು ಬಾಯಾಗ ಹಾಕ್ಕೊಂಡು, ಅತ್ತ ಇತ್ತ ಹೊರಳಿಸಿ, ಉಗುಳಿ ಹೇಳತಿದ್ಲಂತ. ಹೊಸದಾಗಿ ಬಾವಿ ತೋಡಿದವರು ಮೊದಲ ಕೊಡ ಆಕಿಗೇ ತಂದು ಕೊಡತಿದ್ರು. "ಸಾರಿಗೆ ಉಪ್ಪು ಹಾಕೋದು ಮರೀತಾಳ, ನೀರಿನ ಉಪ್ಪು ಮಾತ್ರ ಬರೋಬರಿ ಹೇಳ್ತಾಳ" ಅಂತ ಯಮನವ್ವನ ಚಾಷ್ಟಿ. ಹಿರೇಬಾವಿ ನೀರು ಮಾತ್ರ ನಿಂಬೆವ್ವ ಉಗುಳತಿರಲಿಲ್ಲ. "ಇಂಥಾ ನೀರು ಸುತ್ತ ಹತ್ತೂರಾಗ ಇಲ್ಲ, ಕುಡೀರೆವ್ವ" ಅಂತ ಆಕಿನೇ ಹೇಳತಿದ್ಲಂತ. ಆಕಿನೇ ಹೇಳಿದ್ಲು. ಇದನ್ನ ನೆನಪಿಟ್ಕೋರಿ. ಆಕಿ ತನ್ನ ಬಾಯಿಲೆ ಹೇಳಿದ್ದು ಆಕಿನ್ನ ಆಮ್ಯಾಲ ಭಾಳ ತಿಂತು.

ಒಂದು ಮಳಿಗಾಲದಾಗ ಆಕಿ ಮಗ ಮುದಕಪ್ಪಗ ಜಡ್ಡು ಬಂತು. ಮುಂಜಾನೆ ಅಂಗಳದಾಗ ಕುಣದ ಹುಡುಗ, ಸಂಜಿಗೆ ಕಣ್ಣು ಗುಳಿಬಿದ್ದು ಮುದುಕನಂಗ ಆಗಿದ್ದ. ಹೋಗಿಬಿಟ್ಟ. ನಿಂಬೆವ್ವ ಅವನ ಕೌದಿ ಗಂಟು ಕಟ್ಟಿದ್ಲು. ಆ ಕೌದಿ ಆಕಿನೇ ಹೊಲದಿದ್ದು. ಅದರ ನೂಲು ಆಕಿನೇ ಅದ್ದಿದ್ದು, ಅರಗಿನ ಕೆಂಪು. ಅರಗಿಗೆ ಹುಣಸಿ ಚಿಗುರಿನ ರಸ ಕೂಡಿಸಿ ಆಕಿ ತಾಯಿ ಕಲಿಸಿದ ಕೆಂಪು ಅದು, ಊರಾಗ ಇನ್ನೊಬ್ಬರ ಮನ್ಯಾಗ ಇರಲಿಲ್ಲ. ಗಂಟು ಒಗದ್ಲು. ಹಿಂದಕ ನೋಡಲಿಲ್ಲ. ಮನಿಗೆ ಬಂದು ಮಗಳು ದುಂಡವ್ವನ್ನ ತೊಡಿ ಮ್ಯಾಲ ಹಾಕ್ಕೊಂಡು ಕುಂತ್ಲು.

ಆಮ್ಯಾಲ ಓಣ್ಯಾಗ ಒಂದರ ಹಿಂದ ಒಂದು ಮನಿ ಹಿಡೀತು. ಯಮನವ್ವನ ಎರಡು ಕೂಸು ಹೋದ್ವು. ಗೌಡರ ಮೊಮ್ಮಗ ಹೋದ. ಜಡ್ಡು ಜಾಸ್ತಿ ಆದಂಗ ಪಾತಾಳದ ಬಾಯಿಗೆ ಗಂಟೂ ಜಾಸ್ತಿ ಆದ್ವು. ಗಂಟು ಜಾಸ್ತಿ ಆದಂಗ ಜಡ್ಡೂ ಜಾಸ್ತಿ ಆತು. ಊರಾಗಿನವರು ಏನು ಅಂದ್ರು? ನಾವು ಸರಿಯಾಗಿ ಕಳಸಾಕತ್ತಿಲ್ಲ, ಎಡಿ ಸಾಲವಲ್ದು, ಇನ್ನೂ ಕಳಸಬೇಕು ಅಂದ್ರು.

ಒಂದು ಮುಂಜಾನೆ ನಿಂಬೆವ್ವ ಹಿರೇಬಾವ್ಯಾಗ ಕೊಡ ಹಿಡದಿದ್ಲಂತ. ಕೊಡದ ಕಂಠಕ್ಕ ಏನೋ ಸುತ್ತಿಗೊಂತು. ಕೂದಲಾ ಇರಬೇಕಂತ ಕಿತ್ತಿ ಒಗ್ಯಾಕ ಹೋದಾಕಿ ಹಂಗ ನಿಂತ್ಲು. ನೂಲು. ಬಣ್ಣ ಅರ್ಧ ಹೋಗಿತ್ತು, ಆದ್ರೂ ಕೆಂಪು. ತುದಿಗೆ ಗಂಟಿನ ಮ್ಯಾಲ ಗಂಟು, ಆಕಿ ಕೌದಿ ಅಂಚು ಮುಗಿಸುವಾಗ ಹಾಕೋ ಗಂಟು.

ಕೊಡ ಅಲ್ಲೇ ಬಿಟ್ಲು. ಪಾವಟಿಗಿ ಮ್ಯಾಲ ಕುಂತ್ಲು. ಪಾತಾಳದಾಗ ಇರಬೇಕಾದ ನೂಲು ತನ್ನ ಕೊಡಕ್ಕ ಯಾಕ ಬಂತು? ಯಾರರೆ ಬಾವ್ಯಾಗ ಅರಿವಿ ಒಗದಿರಬೇಕು ಅಂತ ತನಗ ತಾನೇ ಹೇಳಿಕೊಂಡ್ಲು. ಹಿರೇಬಾವ್ಯಾಗ ಕಾಲು ತೊಳ್ಯಾಕೂ ಯಾರನ್ನೂ ಬಿಡತಿರಲಿಲ್ಲ, ಅರಿವಿ ಎಲ್ಲಿಂದ ಬರಬೇಕು? ಇದು ಬ್ಯಾರೆ ಯಾರದೋ ನೂಲು ಅಂತ ಹೇಳಿಕೊಂಡ್ಲು. ಕೈ ಕೇಳಲಿಲ್ಲ. ತನ್ನ ಕೈ ಹಾಕಿದ ಗಂಟು ಕೈಗೆ ಗೊತ್ತಾಗಲಾರದ ಇರತೈತೇನು? ನೀರಿನ ರುಚಿ ನೋಡೋದು ಗೊತ್ತಿತ್ತು ಆಕಿಗೆ. ಆದರ ಬ್ಯಾನಿಗೆ ರುಚಿ ಇರಂಗಿಲ್ಲ ತಂಗಿ. ಸೌಳು ಇರಂಗಿಲ್ಲ, ಸುಣ್ಣ ಇರಂಗಿಲ್ಲ. ಅದು ಸಿಹಿನೀರಾಗ ಸುಮ್ಮನ ಬಂದು ಕುಂದರತೈತಿ.

ಮರದಿನ ನಿಂಬೆವ್ವ ನೀಲಿ ಹರವಿ ಬಂಡ್ಯಾಗ ಏರಿಸಿದ್ಲು. ಲಗ್ನದ ಸೀರಿಗೆ ಅಂತ ನೇಕಾರರು ಹೇಳಿಟ್ಟ ನೀಲಿ, ತಿಂಗಳಗಟ್ಟಲೆ ಕೊಳಿಸಿ ತಿರುವಿ ಹದ ಮಾಡಿದ್ದು. ಯಮನವ್ವ ಕಟ್ಟಿ ಮ್ಯಾಲಿಂದ ಕೇಳಿದ್ಲು, "ಎಲ್ಲಿಗೆ ಹೊಂಟೀಯ ನಿಂಬಿ, ನೀಲಿನ ಗಂಡನ ಮನಿಗೆ ಕಳಸಾಕತ್ತೀಯೇನು?" ಅಂತ. "ಪಾತಾಳಕ್ಕ ಹೋದ ನೀರು ಎಲ್ಲಿ ಹೊಂಡತೈತಿ ನೋಡ್ತೀನಿ ಯಕ್ಕಾ. ನೀನೂ ಬಾ" ಅಂದ್ಲು ನಿಂಬೆವ್ವ. ಯಮನವ್ವ ನಕ್ಕೋಂತ ಜೋಡಿ ಹೋದ್ಲು. ಆಕಿ ಕಣ್ಣ ಮುಂದನ ನಿಂಬೆವ್ವ ಹರವಿ ಹರವಿ ನೀಲಿ ಆ ಬಾಯಾಗ ಸುರುವಿದ್ಲು. ಹಳ್ಳದ ನೀರು ನುಂಗೇ ನುಂಗಿತು. ಸುರುವಿ, ಅವತ್ತು ನಿಂಬೆವ್ವ ಹಿಂದಕ ತಿರುಗಿ ನೋಡಿದ್ಲಂತ. ಆ ಊರಾಗ ಹಿಂದಕ ತಿರುಗಿ ನೋಡಿದ ಮೊದಲನೇದಾಕಿ ಆಕಿನೇ ಅಂತಾರ.

ಮರದಿನ ಹಿರೇಬಾವಿ ನೀರು ಕನ್ನಡಿಯಂಗಿತ್ತು. ಅದರ ಮರದಿನಾನೂ ಹಂಗ. ಊರೆಲ್ಲಾ ನಕ್ಕಿತು. "ನಿಂಬೆವ್ವನ ನೀಲಿ ಸೀರಿ ಪಾತಾಳದ ಹೆಣಮಕ್ಕಳು ಉಟ್ಟಾರಂತ, ಬ್ಲೌಸ ಕೇಳಿ ಕಳಿಸ್ಯಾರಂತ"— ಛೇ, ಆಗ ಬ್ಲೌಸ ಎಲ್ಲಿಂದ ಬರಬೇಕು, ಕುಬಸ. ಕುಬಸ ಕೇಳಿ ಕಳಿಸ್ಯಾರಂತ ಅಂದ್ರು. ನಿಂಬೆವ್ವಗೂ ಒಳಗೊಳಗ ಹಗುರ ಆತಂತ. ನೀಲಿ ಬರದಿದ್ರ ಚಲೋ ಆತು. ಬರದಿದ್ರ ಆ ನೂಲು ಸುಳ್ಳು. ನೂಲು ಸುಳ್ಳಾದ್ರ, ಒಗದ ಕೈ ತಪ್ಪು ಮಾಡಿಲ್ಲ. ದಿನಾ ಮುಂಜಾನೆ ಪಾವಟಿಗಿ ಇಳದು, ಬರಬ್ಯಾಡವ್ವಾ ಬರಬ್ಯಾಡ ಅಂತ ಆ ಕಲ್ಲಿನ ಸಂದಿಗೆ ಕೈಮುಗೀತಿದ್ಲಂತ.

ನೆಲದೊಳಗಿನ ನೀರಿಗೆ ನಮ್ಮಂಗ ಅವಸರ ಇರಂಗಿಲ್ಲ. ಅದು ಒಂದು ಕಲ್ಲು ಸುತ್ತಿ, ಒಂದು ಟೊಳ್ಳಿನ್ಯಾಗ ಕುಂತು, ದಣಿವಾರಿಸಿಕೊಂಡು ಬರತೈತಿ. ಊರು ನಕ್ಕು ಮರತ ಮ್ಯಾಲ ಅದು ಬಂತು. ಒಂದು ಮುಂಜಾನೆ ಓಣ್ಯಾಗ ಒಬ್ಬಾಕಿ ಚೀರಿದ್ಲು. ಬಿಳಿಜ್ವಾಳದ ಹಿಟ್ಟು ಕಲಿಸಿದ್ರ ರೊಟ್ಟಿ ನೀಲಿ. ಕೊಡ ನೀಲಿ, ದನ ಕುಡಿಯೋ ಬಾನಿ ನೀಲಿ, ಕೂಸಿನ ತುಟಿ ನೀಲಿ. ಹಿರೇಬಾವಿ ಸಂದ್ಯಾಗಿಂದ ನಿಂಬೆವ್ವನ ನೀಲಿ ಎಳಿ ಎಳಿಯಾಗಿ ಇಳಿಯಾಕತ್ತಿತ್ತು.

ಊರು ಬಾವಿ ಸುತ್ತ ಕೂಡಿತು. ಗೌಡ ಬಂದ. ಆ ಗೌಡಗ ಮೀಸಿ ಭಾರಿ ಇತ್ತಂತ, ಮೀಸಿ ಹಿಂದ ಏನಿತ್ತೋ ಯಾರೂ ನೋಡಿಲ್ಲ. ನಿಂಬೆವ್ವ ನೂಲು ತೋರಿಸಿದ್ಲು. ಅಲ್ಲಿ ಒಗದದ್ದು ಇಲ್ಲಿ ಬರತೈತಿ, ನಾವು ಕಳಸಿದ ಬ್ಯಾನಿ ನಾವೇ ಕುಡ್ಯಾಕತ್ತೀವಿ, ಒಗ್ಯಾದು ಬಿಡ್ರಿ ಅಂತ ಕೈಮುಗದು ಹೇಳಿದ್ಲು. ಗದ್ದಲ ಆಗಲಿಲ್ಲ ಅಂತಾರ. ಹೆಣಮಕ್ಕಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮೊದಲು ಬಾಯಿ ಬಿಟ್ಟಾಕಿ ಯಮನವ್ವ. "ಸುಳ್ಳು. ಬಾವ್ಯಾಗ ಈಕಿನೇ ನೀಲಿ ಸುರುವ್ಯಾಳ" ಅಂದ್ಲು.

"ಯಕ್ಕಾ, ನಿನ್ನ ಮುಂದನ ಅಲ್ಲಿ ಸುರುವಿದೆನಲ್ಲ. ನಕ್ಕೋಂತ ನಿಂತಿದ್ದಿ."

"ನಾ ನೋಡಿಲ್ಲ."

"ಸುಳ್ಳಂದ್ರ ನೀನೇ ಏನರೆ ಒಗದು ನೋಡು. ನಿನ್ನ ಕೈಲೆ."

ಆಗ ಯಮನವ್ವ ಆಕಿ ಮುಖದ ಹಂತ್ಯಾಕ ಬಂದು, ಬ್ಯಾರೆಯವರಿಗೆ ಕೇಳಲಾರದಂಗ ಅಂದಳಂತ. "ಒಗದು ಏನು ನೋಡ್ಲೆ? ದೊಡ್ಡದರ ಕೌದಿ ನಾ ಒಗದೆ. ಆಮ್ಯಾಲ ಸಣ್ಣದು ಬಿತ್ತು. ನನ್ನ ಕೂಸು ನಾನೇ ಕೊಂದೆ ಅಂತ ನನ್ನ ಬಾಯಿಲೆ ಅನಸಾಕ ನಿಂತೀಯೇನ ನಿಂಬಿ?"

ನಿಂಬೆವ್ವ ಕೈಯಾಗಿನ ನೂಲು ಬೊಟ್ಟಿಗೆ ಸುತ್ತಿಕೊಂಡ್ಲು. ಆ ಮಳಿಗಾಲದಾಗ ಮೊದಲು ಒಗದ ಕೌದಿ ಆಕಿದು.

ಗೌಡ ಮೀಸಿ ತಿರುವಿ ತೀರ್ಮಾನ ಕೊಟ್ಟ. ನಿಂಬೆವ್ವ ಹಿರೇಬಾವಿ ಕೆಡಿಸ್ಯಾಳ, ಇನ್ನ ಆಕಿ ಆ ಪಾವಟಿಗಿ ತುಳಿಯಂಗಿಲ್ಲ. ಅಂದ ಮ್ಯಾಲ ಯಾರೂ ಮುಂದ ಬರಲಿಲ್ಲ, ಯಾರೂ ಬ್ಯಾಡ ಅನ್ನಲಿಲ್ಲ. ಹೂಂ, ಊರು ಅಂದ್ರ ಹಂಗ. ನೀಲಿ ಹರದು ಹೋದಮ್ಯಾಲ ಮತ್ತ ಅದೇ ನೀರು ಕುಡದ್ರು, ಅಲ್ಲೇ ಗಂಟು ಒಗದ್ರು.

ನಿಂಬೆವ್ವ ಪಾತಾಳದ ಬಾಯಿಗಿಂತ ಮ್ಯಾಲ ಹೋಗಿ, ಹಳ್ಳದ ಉಸುಕಿನ್ಯಾಗ ಒರತಿ ತೋಡಿ, ಅಲ್ಲಿಂದ ನೀರು ಹೊತ್ತು ತರತಿದ್ಲು. ನೆತ್ತಿ ಸುಡೋ ದಾರಿ. ಮಗಳಿಗೆ ಒಂದೇ ಮಾತು ಹೇಳಿದ್ಲು, ನಮ್ಮ ಹರವಿ ಬಿಟ್ಟು ಯಾರ ಮನ್ಯಾಗೂ ನೀರು ಕುಡೀಬ್ಯಾಡ ಅಂತ. ದುಂಡವ್ವ ಹೂಂ ಅಂದಿತ್ತು. ಆದರ ಅದು ಎಷ್ಟರ ಕೂಸು? ಮಳಿ ಹಿಡಿಯೂ ಮುಂದ, ಸೆಕಿ ಅಂದ್ರ ಸೆಕಿ, ಓಣ್ಯಾಗ ಹುಡುಗ್ಯಾರ ಕೂಡ ಕುಂಟಾಟ ಆಡಿ ಆಡಿ ದಣದು, ಯಮನವ್ವನ ಕಟ್ಟಿಗೆ ಬಂದು ನಿಂತಿತು. "ದೊಡವ್ವಾ, ನೀರು" ಅಂತು. ಯಮನವ್ವ ನಿಂಬೆವ್ವನ ಕೂಡ ಮಾತು ಬಿಟ್ಟಿದ್ಲು, ಕೂಸಿನ ಕೂಡ ಯಾಕ ಬಿಡತಾಳ? ತನ್ನ ಎರಡು ಕಳಕೊಂಡಾಕಿ. ಒಳಗ ಹೋಗಿ ಹೊಸ ಹರವ್ಯಾಗಿನ ತಣ್ಣನ್ನ ಹಿರೇಬಾವಿ ನೀರು ತುಂಬಿಗಿ ತುಂಬ ತಂದು, ಜೋಡಿಗೆ ಒಂದು ಚೂರು ಬೆಲ್ಲ ಇಟ್ಟು ಕೊಟ್ಲು. ದ್ವೇಷಕ್ಕ ಕೊಟ್ಟಿದ್ದಲ್ಲ ತಂಗಿ. ಹಂಗ ಅನ್ನೋರ ಬಾಯಾಗ ಹುಳ ಬೀಳಲಿ.

ಮೂರನೇ ದಿನಕ್ಕ ದುಂಡವ್ವ ಹೋತು.

ಮಣ್ಣು ಮಾಡಿದ ಮ್ಯಾಲ ಪದ್ಧತಿ ಪ್ರಕಾರ ಗಂಟು ಕಳಸಬೇಕಲ್ಲ. ಆ ವಾರ ಊರಾಗ ಇನ್ನೂ ನಾಕಾರು ಮನ್ಯಾಗ ಜಡ್ಡು ಇತ್ತು. ಅವರೂ ಗಂಟು ಕಟ್ಟಿಕೊಂಡು, ಬೇವು ಅರಿಸಿನ ಎಲ್ಲಾ ತಗೊಂಡು, ಗೌಡನ್ನ ಮುಂದ ಮಾಡಿಕೊಂಡು ಹೊಂಟ್ರು. ಹೋಗಿ ನೋಡಿದ್ರ ಪಾತಾಳದ ಬಾಯಿ ಅಂಚಿಗೆ ನಿಂಬೆವ್ವ ಕುಂತಾಳ. ತೊಡಿ ಮ್ಯಾಲ ದುಂಡವ್ವನ ಕೌದಿ. ತಲಿ ಬಿಚ್ಚ್ಯಾಳ, ಕಣ್ಣಾಗ ನೀರಿಲ್ಲ.

ಏಳು ಅಂದ ಗೌಡ. ಏಳಲಿಲ್ಲ. ನಿನ್ನ ಗಂಟು ಮೊದಲು ಒಗಿ, ಬ್ಯಾನಿ ಊರು ಬಿಡಲಿ ಅಂದ. ಅದಕ್ಕ ನಿಂಬೆವ್ವ ಅಂದ ಮಾತು ಇವತ್ತಿಗೂ ಆ ಊರಾಗ ಹಂಗ ಹೇಳತಾರ.

"ಒಗೀತೀನ್ರಿ ಗೌಡ್ರ. ನನಗೇನು ಇನ್ನ ಕುಡಿಯೋ ಕೂಸು ಉಳದಿಲ್ಲ. ಆದರ ಇದನ್ನ ನಾಳೆ ಕುಡಿಯೋರು ಯಾರು ಅಂತ ಮೊದಲು ಹೆಸರು ಹೇಳ್ರಿ. ನಿಮ್ಮ ಮನ್ಯಾಗಿನ ಒಂದು ಕೂಸಿನ ಹೆಸರು ಹೇಳ್ರಿ, ಒಗೀತೀನಿ. ನೀವೂ ಒಬ್ಬೊಬ್ಬರು ಹೆಸರು ಹೇಳ್ರೆವ್ವ, ಹೇಳಿ ಒಗೀರಿ. ನಾ ದಾರಿ ಬಿಡ್ತೀನಿ."

ಗೌಡನ ಬಾಯಿ ತೆರೀತು. ಹೆಸರು ಬರಲಿಲ್ಲ. ಅವಗ ಇನ್ನೊಂದು ಮೊಮ್ಮಗಳು ಇತ್ತಂತ, ತೊಟ್ಟಿಲದಾಗಿಂದು. ಅವನ ಹಿಂದಿನಾಕಿ ಬಾಯಿ ತೆರೀಲಿಲ್ಲ. ಆಕಿ ಹಿಂದಿನಾಕಿನೂ ತೆರೀಲಿಲ್ಲ. ಹಳ್ಳದ ನೀರು ಒಂದೇ ಸವನ ಗಟಗಟ ಒಳಗ ಇಳಿಯಾಕತ್ತಿತ್ತು. ಯಮನವ್ವ ಎಲ್ಲಾರ ಹಿಂದ ನಿಂತಿದ್ಲು. ಆಕಿ ಗಂಟು ತಂದಿರಲಿಲ್ಲ. ಆಕಿ ಅಲ್ಲೇ ಕುಂತು, ಬಾಯಿಗೆ ಸೆರಗು ಒತ್ತಿ ಅತ್ತಳಂತ. ಯಾಕ ಅಳತಾಳ ಅಂತ ನಿಂಬೆವ್ವಗ ಆಗ ಗೊತ್ತಿರಲಿಲ್ಲ. ತುಂಬಿಗಿ ನೀರಿನ ಸಂಗತಿ ಯಮನವ್ವ ಯಾರ ಮುಂದೂ ಹೇಳಿರಲಿಲ್ಲ.

ಅವತ್ತು ಗಂಟು ಒಳಗ ಬೀಳಲಿಲ್ಲ. ಒಣ ಉಸುಕಿನ ಮ್ಯಾಲ ಎಲ್ಲಾ ಕೂಡಿಸಿ ಸುಟ್ರು. ಆ ಮ್ಯಾಲ ಯಾವತ್ತೂ ಬೀಳಲಿಲ್ಲ. ಊರ ಗಂಡಸರು ಆ ಬಿರುಕಿನ ಸುತ್ತ ಆಳೆತ್ತರದ ಕಲ್ಲು ನಿಲ್ಲಿಸಿ, ನೀರಿಗೆ ಅಷ್ಟೇ ದಾರಿ ಬಿಟ್ರು. ಹಿರೇಬಾವಿಗೆ ಹೋಗೋದು ಬಿಟ್ಟು ಎರಡು ಮಳಿಗಾಲ ಎಲ್ಲಾರೂ ನಿಂಬೆವ್ವ ತೋಡಿದ ಒರತಿಗೇ ಹೋದ್ರು. ಆಕಿ ತೋಡಿದ್ದು ಅಂತ ಮಾತ್ರ ಯಾರೂ ಅನ್ನಲಿಲ್ಲ. ಜಡ್ಡು ಇಳೀತು. ಮಕ್ಕಳು ಉಳದ್ವು.

ಇನ್ನ ನಿಂಬೆವ್ವಗ ಆರತಿ ಎತ್ತಿದ್ರು, ಉಡಿ ತುಂಬಿದ್ರು ಅಂತ ಹೇಳಲಿ ಅಂತ ಕುಂತೀರೇನು? ಇಲ್ಲ. ಆಕಿ ಓಣ್ಯಾಗ ಬಂದ್ರ ಹೆಣಮಕ್ಕಳು ಒಳಗ ಸರೀತಿದ್ರು. ಆಕಿ ಮ್ಯಾಲಿನ ಸಿಟ್ಟಿಗಲ್ಲ. ಆಕಿ ಮುಖ ನೋಡಿದ್ರ ತಾವು ಕಟ್ಟಿದ ಗಂಟು ನೆನಪಾಗತಿತ್ತು. ಉಳದ ಮಕ್ಕಳನ್ನ ನೋಡಿ ಆಕಿನ್ನ ನೆನಸೋರು ಕಮ್ಮಿ, ಹೋದ ಮಕ್ಕಳನ್ನ ನೆನಸಿ ಆಕಿನ್ನ ಶಪಿಸೋರು ಭಾಳ. ನೇಕಾರರು ನೂಲು ಕೊಡೋದು ಬಿಟ್ರು. ಹರವಿ ಬೋರಲು ಬಿದ್ವು. ಬರಬರತ ಆಕಿ ಕೈಯಾಗಿನ ನೀಲಿನೂ ಹೋತು ಅಂತಾರ. ಹಿರೇಬಾವಿ ನೀರು ಮತ್ತ ಹಸನ ಆತು, ಊರು ಮತ್ತ ಅಲ್ಲಿಗೇ ಇಳೀತು. ಆಕಿಗೆ ಬಾ ಅನ್ನಾಕ ಮಾತ್ರ ಯಾರಿಗೂ ಬಾಯಿ ಬರಲಿಲ್ಲ. ಗೌಡ ಸತ್ತ, ಅವನ ತೀರ್ಮಾನ ಸಾಯಲಿಲ್ಲ. ಮುದುಕಿ ಆದ್ರೂ ಉಸುಕಿನ ಒರತಿಗೇ ನಡಕೊಂತ ಹೋಗತಿದ್ಲು.

ಆಮ್ಯಾಲ ಆ ನಡಿಗಿನೂ ನಿಂತಿತು. ಮೊಣಕಾಲು ಹಿಡದು ಹೊಸ್ತಿಲದಾಗ ಕುಂತ್ಲು. ಹರವಿ ಒಣಗಿತು. ಒಂದು ಸಂಜಿಗೆ, ದೀಪ ಇನ್ನೂ ಹಚ್ಚಿರಲಿಲ್ಲ, ಯಮನವ್ವ ಕೊಡ ಹೊತ್ತು ಬಂದ್ಲು. ಆಕಿನೂ ಬಾಗಿದ್ಲು, ಅರ್ಧ ನೀರು ಸೆರಗಿನ ಮ್ಯಾಲನ ಚೆಲ್ಲಿತ್ತು. ಹಿರೇಬಾವಿ ನೀರು. ಹೊಸ್ತಿಲದ ಈ ಕಡಿಗೆ ಕುಂತು, ತುಂಬಿಗಿ ತುಂಬಿ, ಮೊದಲು ತಾನು ಒಂದು ಗುಟುಕು ಕುಡದ್ಲು. ಕುಡದು ಬಾಯಿ ಒರಸಿಕೊಂಡು, ಅಷ್ಟು ವರ್ಷ ಗಂಟಲಾಗ ಇಟ್ಟುಕೊಂಡಿದ್ದನ್ನ ಹೇಳಿದ್ಲು. ಅವತ್ತು ದುಂಡವ್ವಗ ನೀರು ಕೊಟ್ಟಾಕಿ ನಾನು ಅಂದ್ಲು.

ಬೈತಾಳ ಅಂತ ಯಮನವ್ವ ತಲಿ ತಗ್ಗಿಸಿ ಕುಂತಿದ್ಲು. ನಿಂಬೆವ್ವ ಒಂದೇ ಕೇಳಿದ್ಲು.

"ಹೊಟ್ಟಿ ತುಂಬ ಕುಡೀತೇನ ಯಕ್ಕಾ?"

"ಕುಡೀತವ್ವ. ಒಂದು ತುಂಬಿಗಿ ಕುಡದು, ಇನ್ನೊಂದು ಬೇಡಿ ಕುಡೀತು. ಕುಡದು, ತಂಪ ಆತು ದೊಡವ್ವಾ ಅಂತು."

ನಿಂಬೆವ್ವ ಕೈ ಚಾಚಿದ್ಲು. ತುಂಬಿಗಿ ಇಸಗೊಂಡ್ಲು. ನೀರು ಬಾಯಾಗ ಹಾಕ್ಕೊಂಡು ಅತ್ತ ಇತ್ತ ಹೊರಳಿಸಲಿಲ್ಲ, ರುಚಿ ನೋಡಲಿಲ್ಲ. ಕಣ್ಣು ಮುಚ್ಚಿ ಪೂರಾ ಕುಡದುಬಿಟ್ಲು ಅಂತಾರ.

ಆಕಿ ಎಂದು ಸತ್ಲು, ಎಲ್ಲಿ ಮಣ್ಣು ಮಾಡಿದ್ರು, ಯಾರಿಗೂ ಗೊತ್ತಿಲ್ಲ. ಗುಡಿ ಕಟ್ಟಿಲ್ಲ. ಹೆಸರಿನ ಕಲ್ಲು ನಿಲ್ಲಿಸಿಲ್ಲ. ಆದರ ಪರಸಿಗಲ್ಲಿನ್ಯಾಗ ಇವತ್ತಿಗೂ ಯಾರ ಮನ್ಯಾಗರೆ ಕೂಸು ತೀರಿಕೊಂಡ್ರ, ಮೊದಲು ಬುತ್ತಿ ಒಯ್ಯಂಗಿಲ್ಲ, ಮಾತೂ ಆಡಂಗಿಲ್ಲ. ಬಾಜೂ ಮನಿಯಾಕಿ, ಆಕಿ ಕೂಡ ಎಷ್ಟೇ ಜಗಳ ಇರಲಿ, ಒಂದು ತುಂಬಿಗಿ ನೀರು ತಗೊಂಡು ಹೋಗತಾಳ. ಹೆತ್ತಾಕಿ ಎದುರಿಗೆ ಕುಂದರತಾಳ. ಮೊದಲ ಗುಟುಕು ತಾನು ಕುಡೀತಾಳ. ಆಮ್ಯಾಲ ತುಂಬಿಗಿ ಆಕಿ ಕೈಯಾಗ ಕೊಟ್ಟು, ಆಕಿ ಕುಡಿಯೂ ತನಕ ಅಲ್ಲಿಂದ ಏಳಂಗಿಲ್ಲ.